ಕರಪತ್ರದ ಎರಡನೇ ಸಾಲು

ಹೋದ ವರ್ಷದ ಒಂದು ಭಾನುವಾರ ಬೆಂಗಳೂರಿನ ಲಗ್ಗೆರೆಯ ಅಂಗನವಾಡಿಯೊಂದರಲ್ಲಿ ಹದಿನಾಲ್ಕು ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಬಹುತೇಕರು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು. ವಾರಕ್ಕೆ ಸಿಗುವ ಒಂದೇ ರಜೆಯ ದಿನ, ಬಟ್ಟೆ ಒಗೆಯುವುದನ್ನು ಅರ್ಧಕ್ಕೇ ಬಿಟ್ಟು ಬಂದಿದ್ದರು. ಕೆಲವರ ಕೈ ಇನ್ನೂ ಒದ್ದೆ. ನಾನು ಒಂದು ಕರಪತ್ರ ಹಿಡಿದು ನಿಂತಿದ್ದೆ. ಆರೋಗ್ಯದ ಮಾಹಿತಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕಸುಬು. ಅಚ್ಚಿಗೆ ಕೊಡುವ ಮುಂಚೆ ಓದಬೇಕಾದವರ ಮುಂದೆ ಒಮ್ಮೆ ಓದಿ ನೋಡುವುದು ನಾನು ಬಿಡದೆ ಪಾಲಿಸಿಕೊಂಡು ಬಂದ ಪದ್ಧತಿ.

ಮೊದಲ ಸಾಲು ಹೀಗಿತ್ತು: ‘ಗರ್ಭಕಂಠವುಳ್ಳ 30ರಿಂದ 65 ವರ್ಷದೊಳಗಿನ ವ್ಯಕ್ತಿಗಳು ಕ್ಯಾನ್ಸರ್ ತಪಾಸಣೆ ಮಾಡಿಸಿಕೊಳ್ಳಬೇಕು.’

ಓದಿ ತಲೆಯೆತ್ತಿದೆ. ಯಾರೂ ಮಾತಾಡಲಿಲ್ಲ. ಆಮೇಲೆ ಬಾಗಿಲ ಹತ್ತಿರ ಕೂತಿದ್ದ ಒಬ್ಬರು, ನಲವತ್ತರ ಆಸುಪಾಸಿನವರು, ‘ಇದು ಗಂಟಲ ಕ್ಯಾನ್ಸರಾ ಮೇಡಂ?’ ಎಂದರು. ಕಂಠ ಅಂದರೆ ಗಂಟಲು, ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಪಕ್ಕದವರು ಅವರನ್ನು ತಿದ್ದಿದರು: ‘ಅಲ್ಲ ಕಣಕ್ಕ, ವ್ಯಕ್ತಿಗಳು ಅಂತವ್ರೆ. ಗಂಡಸರದ್ದು.’

ಆ ಎರಡನೇ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಮನೆಗೆ ಬಂದು ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ಕೂತೆ. ‘ಲಾರಿ ಡಿಕ್ಕಿ: ವ್ಯಕ್ತಿ ಸಾವು’ ಎಂದಿದ್ದರೆ ಸತ್ತವನು ಗಂಡಸು. ಸತ್ತವಳು ಹೆಂಗಸಾಗಿದ್ದರೆ ‘ಮಹಿಳೆ ಸಾವು’. ‘ಅಪರಿಚಿತ ವ್ಯಕ್ತಿಯ ಶವ ಪತ್ತೆ’ ಎಂದರೆ ಗಂಡಸಿನ ಶವ. ನಿಘಂಟಿನಲ್ಲಿ ವ್ಯಕ್ತಿ ಎಂಬ ಪದಕ್ಕೆ ಲಿಂಗದ ಹಂಗಿಲ್ಲ. ನಮ್ಮ ದಿನಬಳಕೆಯಲ್ಲಿ ಮಾತ್ರ ಅದು ಪಂಚೆ ಉಟ್ಟುಕೊಂಡೇ ಓಡಾಡುತ್ತದೆ. ಎಲ್ಲರನ್ನೂ ಒಳಗೊಳ್ಳಬೇಕೆಂದು ಬರೆಸಿದ ಆ ಸಾಲು, ಯಾರಿಗಾಗಿ ಬರೆದಿದ್ದೋ ಅದೇ ಹದಿನಾಲ್ಕು ಜನರನ್ನು ಹೊರಗಿಟ್ಟಿತ್ತು.

ಇದು ಸಣ್ಣ ವಿಷಯವಲ್ಲ. ಭಾರತದಲ್ಲಿ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್‌ಗೆ ವರ್ಷಕ್ಕೆ ಸುಮಾರು 80,000 ಜನ ಬಲಿಯಾಗುತ್ತಾರೆ ಎನ್ನುತ್ತದೆ 2022ರ ಜಾಗತಿಕ ಅಂದಾಜು. ಹೊಸದಾಗಿ ಪತ್ತೆಯಾಗುವುದು 1,27,000ಕ್ಕೂ ಹೆಚ್ಚು. ಕ್ಯಾನ್ಸರ್ ಆಗುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಪತ್ತೆ ಹಚ್ಚಬಹುದಾದ, ತಡೆಯಬಹುದಾದ ಕಾಯಿಲೆ ಇದು. ಎಚ್‌ಪಿವಿ ಎಂಬ ವೈರಾಣು ಗರ್ಭಕೋಶದ ಬಾಯಿಯ ಹತ್ತಿರ ಬೀಡುಬಿಟ್ಟು ಜೀವಕೋಶಗಳನ್ನು ನಿಧಾನವಾಗಿ ಕೆಡಿಸುತ್ತದೆ. ಅದಕ್ಕೆ ಹತ್ತು ಹದಿನೈದು ವರ್ಷವೇ ಹಿಡಿಯಬಹುದು. ಅಷ್ಟು ಕಾಲಾವಕಾಶವಿದ್ದೂ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಹೀಗಿರುವಾಗ ‘ಇದು ಗಂಡಸರದ್ದು’ ಎಂದುಕೊಂಡು ಒಬ್ಬರು ಎದ್ದು ಹೋದರೂ ಆ ಸಾಲು ಬರೆದ ಕೈ ನನ್ನದು.

ಆ ಒಕ್ಕಣೆ ಎಲ್ಲಿಂದ ಬಂತು ಎಂದು ಹೇಳಬೇಕು. ಕರಪತ್ರ ಮಾಡಿಸುತ್ತಿದ್ದ ಸಂಸ್ಥೆಯವರು ಕೊಟ್ಟ ಇಂಗ್ಲಿಷ್ ಮೂಲದಲ್ಲಿ ಮಹಿಳೆ ಎಂಬ ಪದ ಒಂದೇ ಒಂದು ಕಡೆಯೂ ಇರಲಿಲ್ಲ. ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ ಅದು. ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುತ್ತಿರುವ ಟ್ರಾನ್ಸ್ ಪುರುಷರಿಗೂ ಗರ್ಭಕೋಶ ಇರಬಹುದು, ಮುಟ್ಟಾಗಬಹುದು, ಬಸಿರೂ ನಿಲ್ಲಬಹುದು. ‘ಮಹಿಳೆಯರೇ ಬನ್ನಿ’ ಎಂದರೆ ಅವರು ಬರುವುದಿಲ್ಲ ಎಂಬ ಕಾಳಜಿ. ಕಳೆದ ಕೆಲವು ವರ್ಷಗಳಿಂದ ಇಂಗ್ಲೆಂಡ್, ಅಮೆರಿಕಗಳಲ್ಲಿ ಈ ಬಗ್ಗೆ ದೊಡ್ಡ ಜಗಳವೇ ನಡೆದಿದೆ. 2021ರ ಸೆಪ್ಟೆಂಬರ್‌ನಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ‘ಯೋನಿ ಇರುವ ದೇಹಗಳನ್ನು ಇತಿಹಾಸ ಕಡೆಗಣಿಸಿದೆ’ ಎಂಬರ್ಥದ ಸಾಲನ್ನು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿತು. ಹೆಂಗಸರನ್ನು ಬರೀ ದೇಹಗಳೆಂದು ಕರೆದಿರಲ್ಲ ಎಂದು ವೈದ್ಯೆಯರೂ ಸೇರಿ ಅನೇಕರು ಸಿಟ್ಟಾದರು. ಸಂಪಾದಕರು ಕ್ಷಮೆ ಕೇಳಿದರು. ಅದೇ ವರ್ಷದ ಫೆಬ್ರುವರಿಯಲ್ಲಿ ಬ್ರೈಟನ್ನಿನ ಹೆರಿಗೆ ಆಸ್ಪತ್ರೆಗಳು ತಮ್ಮ ಬರಹಗಳಲ್ಲಿ ‘ಮಹಿಳೆಯರು’ ಎಂಬುದರ ಜೊತೆಗೆ ‘ಹೆರುವ ಜನ’ ಎಂದೂ ಸೇರಿಸಿ ಬರೆಯಲು ಶುರುಮಾಡಿದವು. ಅವರು ಯಾವ ಪದವನ್ನೂ ತೆಗೆಯಲಿಲ್ಲ, ಒಂದನ್ನು ಸೇರಿಸಿದರು ಅಷ್ಟೆ. ಆದರೂ ‘ತಾಯಿ ಎಂಬ ಪದಕ್ಕೆ ನಿಷೇಧ’ ಎಂದು ಸುದ್ದಿ ಹಬ್ಬಿತು. ಸೇರಿಸುವುದಕ್ಕೂ ತೆಗೆಯುವುದಕ್ಕೂ ಇರುವ ಅಂತರವನ್ನು ಆ ಗದ್ದಲದಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಮಾತ್ರ ಇಡೀ ವಿಷಯ ಆ ಅಂತರದಲ್ಲೇ ಇದೆ ಅನ್ನಿಸುತ್ತದೆ.

ಅಲ್ಲಿನ ಜಗಳವನ್ನು ಹಾಗೆಯೇ ಎತ್ತಿ ತಂದು ಇಲ್ಲಿ ನೆಟ್ಟರೆ ಬೇರು ಬಿಡುವುದಿಲ್ಲ. ಇಲ್ಲಿನ ಮಣ್ಣೇ ಬೇರೆ.

ಒಂದು ಉದಾಹರಣೆ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಮೊಲೆಯೂಡಿಸುವುದಕ್ಕೆ ಇರುವ ಪದ ಹೆಣ್ಣಿನ ಮೊಲೆಯನ್ನೇ ಹೆಸರಿಸುತ್ತದೆ. ಟ್ರಾನ್ಸ್ ಪುರುಷರಿಗೆ ಅದು ಇರಿಸುಮುರಿಸು ಎಂದು ಎದೆ ಎಂಬರ್ಥದ ಬೇರೆ ಪದ ಜೋಡಿಸಿ ಹೊಸದೊಂದನ್ನು ಕಟ್ಟಿದರು. ಅದು ತಮಗೆ ಅವಮಾನ ಎಂದು ಎಷ್ಟೋ ತಾಯಂದಿರು ಸಿಡಿದೆದ್ದರು. ನಮ್ಮಲ್ಲಿ? ‘ಎದೆಹಾಲು’. ನನ್ನಜ್ಜಿ ಹೇಳುತ್ತಿದ್ದದ್ದೂ ಅದನ್ನೇ, ಇವತ್ತಿನ ನರ್ಸ್ ಹೇಳುವುದೂ ಅದನ್ನೇ. ಎದೆ ಎಲ್ಲರಿಗೂ ಇದೆ. ಗಂಡಸಿನ ಎದೆ ನಡುಗುತ್ತದೆ, ಹೆಂಗಸಿನ ಎದೆ ಉರಿಯುತ್ತದೆ, ಬಾಣಂತಿಯ ಎದೆ ತುಂಬಿ ಬರುತ್ತದೆ. ಅಲ್ಲಿ ಇಷ್ಟೊಂದು ಮಾತಿಗೆ ಕಾರಣವಾದದ್ದನ್ನು ನಮ್ಮ ಹಿರಿಯರು ಯಾವ ಸಮಿತಿಯನ್ನೂ ಕೂರಿಸದೆ ಮುಗಿಸಿಬಿಟ್ಟಿದ್ದಾರೆ. ಸರಕಾರದ ಭಿತ್ತಿಪತ್ರದಲ್ಲಿ ‘ಸ್ತನ್ಯಪಾನ’ ಎಂದು ಬರೆಯುವವರಿಗೆ ನಾನು ಪ್ರತಿ ಸಲ ಇದನ್ನೇ ಹೇಳುತ್ತೇನೆ: ಎದೆಹಾಲು ಅನ್ನಿ, ಎಲ್ಲರಿಗೂ ತಿಳಿಯುತ್ತದೆ, ಯಾರಿಗೂ ನೋಯುವುದಿಲ್ಲ.

ಇನ್ನೊಂದು ಪದ ‘ಹೆತ್ತವರು’. ಹೆರುವುದು ತಾಯಿಯೊಬ್ಬಳೇ. ಆದರೂ ಹೆತ್ತವರು ಎಂದರೆ ಅಪ್ಪನೂ ಅಮ್ಮನೂ ಇಬ್ಬರೂ. ಶಾಲೆಯ ಅರ್ಜಿಯಲ್ಲಿ, ಮದುವೆಯ ಕರೆಯೋಲೆಯಲ್ಲಿ ಎಷ್ಟು ಸಹಜವಾಗಿ ಬಳಸುತ್ತೇವೆ! 2023ರ ಫೆಬ್ರುವರಿಯಲ್ಲಿ ಕೋಯಿಕ್ಕೋಡಿನ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಜಹಾದ್ ಎಂಬ ಟ್ರಾನ್ಸ್ ಪುರುಷ ಮಗು ಹೆತ್ತರು. ಅವರ ಸಂಗಾತಿ ಜಿಯಾ ಪಾವಲ್ ಟ್ರಾನ್ಸ್ ಮಹಿಳೆ. ಜನನ ಪ್ರಮಾಣಪತ್ರದಲ್ಲಿ ತಂದೆ ಯಾರು, ತಾಯಿ ಯಾರು ಎಂಬುದು ತಕರಾರಾಯಿತು. ಹೆತ್ತ ಜಹಾದ್ ಅವರನ್ನು ತಾಯಿ ಎಂದೂ ಜಿಯಾ ಅವರನ್ನು ತಂದೆ ಎಂದೂ ಬರೆದುಕೊಟ್ಟರು. ಇಬ್ಬರೂ ಬದುಕುತ್ತಿರುವುದಕ್ಕೆ ಅದು ತದ್ವಿರುದ್ಧ. ಇಬ್ಬರನ್ನೂ ಸುಮ್ಮನೆ ‘ಪೋಷಕರು’ ಎಂದು ನಮೂದಿಸಬೇಕೆಂದು ಕೇರಳ ಹೈಕೋರ್ಟ್ ಹೇಳಿದ್ದು 2025ರ ಜೂನ್‌ನಲ್ಲಿ. ಆ ಸುದ್ದಿ ಓದುವಾಗ ನನಗೆ ಹೊಳೆದದ್ದು ನಮ್ಮ ಈ ‘ಹೆತ್ತವರು’. ಆ ಮಗುವಿನ ಪ್ರಮಾಣಪತ್ರಕ್ಕೆ ಅಳತೆ ತೆಗೆದು ಹೊಲಿದಂಥ ಪದ.

ಮತ್ತೆ, ಮಗು. ನಮ್ಮ ವ್ಯಾಕರಣದಲ್ಲಿ ಮಗು, ಕೂಸು, ಶಿಶು ಇವೆಲ್ಲ ನಿತ್ಯ ನಪುಂಸಕಲಿಂಗ. ಮಗು ಅತ್ತಿತು, ಮಗು ಹಾಲು ಕುಡಿಯಿತು. ಅದು ಹುಟ್ಟಿ ಒಂದು ಗಳಿಗೆಯೊಳಗೆ ‘ಯಾವ ಮಗು?’ ಎಂಬ ಪ್ರಶ್ನೆ ಬಾಗಿಲಲ್ಲಿ ನಿಂತಿರುತ್ತದೆ, ಆ ಮಾತು ಬೇರೆ. ಆ ಪ್ರಶ್ನೆಗೆ ಮುಂದೆ ಬರುತ್ತೇನೆ.

ಕನ್ನಡ ಕೊಡುವ ದೊಡ್ಡ ಅನುಕೂಲ ಇರುವುದು ಕ್ರಿಯಾಪದದಲ್ಲಿ. ಬಂದನು, ಬಂದಳು ಎಂಬ ಭೇದ ಬರುವುದು ಎದುರಿಗಿಲ್ಲದ ಒಬ್ಬರ ವಿಷಯ ಎತ್ತಿದಾಗ ಮಾತ್ರ. ಹಿಂದಿಯಲ್ಲಿ ‘ನಾನು ಬಂದೆ’ ಎನ್ನುವಷ್ಟರಲ್ಲೇ ಹೇಳಿದವರು ಗಂಡೋ ಹೆಣ್ಣೋ ಗೊತ್ತಾಗಿಬಿಡುತ್ತದೆ. ನಮ್ಮಲ್ಲಿ ನಾನು ಬಂದೆ, ನೀನು ಬಂದೆ, ನೀವು ಬಂದಿರಿ. ಇಲ್ಲೆಲ್ಲ ಲಿಂಗದ ಸೋಂಕೇ ಇಲ್ಲ. ಮರ್ಯಾದೆಯಿಂದ ‘ಅವರು ಬಂದರು’ ಎಂದರೂ ಇಲ್ಲ. ಹವ್ಯಕರ ಮನೆಗಳಲ್ಲಂತೂ ಹೆಂಗಸರನ್ನೂ ‘ಅದು ಬಂತು’ ಎನ್ನುವ ರೂಢಿಯಿದೆ. ಅಂದರೆ ಆರೋಗ್ಯದ ಕರಪತ್ರವನ್ನು ‘ಗರ್ಭಕಂಠವುಳ್ಳ ವ್ಯಕ್ತಿಗಳು’ ಎಂದು ದೂರ ನಿಂತು ಬರೆಯುವ ಬದಲು ಎದುರಿಗೆ ಕೂತು ಮಾತಾಡಿದಂತೆ ಬರೆಯಬಹುದು: ‘ನಿಮಗೆ ಮುಟ್ಟು ನಿಂತು ವರ್ಷ ಕಳೆದ ಮೇಲೂ ರಕ್ತ ಕಾಣಿಸುತ್ತಿದೆಯೇ? ಬನ್ನಿ, ತೋರಿಸಿ.’ ಈ ಮಾತು ಯಾರ ಕಿವಿಗೆ ಬಿದ್ದರೂ ಅವರದ್ದಾಗುತ್ತದೆ.

ಆದರೆ ಕನ್ನಡ ಕೈಕೊಡುವ ಜಾಗಗಳೂ ಇವೆ. ಬಸುರಿ, ಗರ್ಭಿಣಿ, ಬಾಣಂತಿ. ಈ ಪದಗಳಿಂದ ಹೆಣ್ಣನ್ನು ಬಿಡಿಸಿ ತೆಗೆಯಲು ಬರುವುದಿಲ್ಲ. ತೆಗೆದರೆ ಪದವೇ ಉಳಿಯುವುದಿಲ್ಲ. ‘ಗರ್ಭ ಧರಿಸಿದ ವ್ಯಕ್ತಿ’ ಎಂದರೆ ಬಸುರಿಯ ಊದಿದ ಕಾಲು, ಬಾಯಿಗೆ ಬರುವ ಹುಳಿ, ಏಳನೇ ತಿಂಗಳ ಬಳೆ ಇವೆಲ್ಲ ಎಲ್ಲಿ ಹೋದವು? ‘ಬಾಣಂತಿ’ ಎಂಬ ಒಂದೇ ಪದದಲ್ಲಿ ಬಿಸಿನೀರಿದೆ, ಬೆಚ್ಚನೆಯ ಕೋಣೆಯಿದೆ, ಬಾಗಿಲಾಚೆ ಕಾವಲಿಗೆ ಕೂತ ತಾಯಿಯಿದ್ದಾಳೆ. ನಮ್ಮ ಆಸ್ಪತ್ರೆಗಳಲ್ಲಿ ಬಸುರಿಗೆ ಕೊಡುವ ಪುಸ್ತಕದ ಹೆಸರೇ ತಾಯಿ ಕಾರ್ಡ್. ಈ ಪದಗಳನ್ನು ಬಿಟ್ಟುಕೊಡಿ ಎಂದು ಯಾರಾದರೂ ಕೇಳಿದರೆ ನಾನು ಒಪ್ಪುವುದಿಲ್ಲ.

ಅದಕ್ಕಿಂತ ಮುಂಚಿನ ಸಂಕಟ ಇನ್ನೊಂದಿದೆ. ಅಲ್ಲಿ ಜಗಳ ಇರುವುದು ಹೆಸರಿಗೆ ಯಾವ ಪದ ಬಳಸಬೇಕು ಎಂಬುದರ ಮೇಲೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೆಸರೇ ಇಲ್ಲ. ಮುಟ್ಟಾದರೆ ‘ಹೊರಗೆ’, ‘ದೂರ’, ‘ರಜಾ’, ‘ತಿಂಗಳದ್ದು’. ಸಿಟಿಯ ಹುಡುಗಿಯರು ‘ಡೇಟ್’ ಅನ್ನುತ್ತಾರೆ. ಬಿಳಿಸೆರಗಿಗೆ ‘ಬಿಳೀದು ಹೋಗ್ತಾ ಇದೆ’. ಮಿಕ್ಕಿದ್ದಕ್ಕೆಲ್ಲ ‘ಕೆಳಗಡೆ’. ಡಾಕ್ಟರ ಮುಂದೆಯೂ ‘ಕೆಳಗಡೆ ನೋವು’ ಎನ್ನುತ್ತಾರೆ. ಹೊಟ್ಟೆಯೋ ಸೊಂಟವೋ ಮೂತ್ರದ ದಾರಿಯೋ ಡಾಕ್ಟರೇ ಕಂಡುಕೊಳ್ಳಬೇಕು. ಅವತ್ತು ಲಗ್ಗೆರೆಯಲ್ಲಿ ಗರ್ಭಕಂಠ ಎಂದರೆ ಏನೆಂದು ನಾನು ವಿವರಿಸಲು ಹೊರಟಾಗ ಅಂಗನವಾಡಿಯ ಟೀಚರ್ ಎದ್ದುಬಂದು, ಗೋಡೆಯ ಮೊಳೆಗೆ ನೇತುಹಾಕಿದ್ದ ಬಟ್ಟೆಯ ಚೀಲವನ್ನು ತೆಗೆದು ತಲೆಕೆಳಗಾಗಿ ಹಿಡಿದರು. ‘ಇದು ಗರ್ಭಚೀಲ’ ಎಂದರು. ಅದರ ಬಾಯನ್ನು ಬೆರಳುಗಳಲ್ಲಿ ಸುರುಟಿ ಹಿಡಿದು, ‘ಇದು ಗರ್ಭಚೀಲದ ಬಾಯಿ. ಹೆರಿಗೇಲಿ ಇದೇ ತೆರ್‌ಕೊಳ್ಳೋದು. ಕ್ಯಾನ್ಸರ್ ಬರೋದು ಇಲ್ಲೇ’ ಎಂದರು. ಗಂಟಲ ಕ್ಯಾನ್ಸರಾ ಎಂದು ಕೇಳಿದ್ದವರು ಮುಂದೆ ಸರಿದು ಕೂತು ಆ ಚೀಲದ ಬಾಯನ್ನು ಮುಟ್ಟಿ ನೋಡಿದರು. ಮೂರು ಹೆತ್ತವರು ಅವರು. ತನ್ನ ದೇಹದ ಆ ಭಾಗದ ಹೆಸರು ಕೇಳಿದ್ದು ಅವತ್ತೇ ಮೊದಲು. ನಾನು ಗರ್ಭಕಂಠ ಹೊಡೆದುಹಾಕಿ ‘ಗರ್ಭಕೋಶದ ಬಾಯಿ’ ಎಂದು ಬರೆದುಕೊಂಡೆ.

ಇದಾಗಿ ಕೆಲವು ದಿನಕ್ಕೆ ಒಬ್ಬ ಟ್ರಾನ್ಸ್ ಪುರುಷರನ್ನು ಭೇಟಿಯಾದೆ. ಕರಪತ್ರದ ಸಂಸ್ಥೆಯವರೇ ಪರಿಚಯಿಸಿದ್ದು. ಮೆಜೆಸ್ಟಿಕ್ ಹತ್ತಿರದ ದರ್ಶಿನಿಯೊಂದರಲ್ಲಿ ನಿಂತುಕೊಂಡೇ ಕಾಫಿ ಕುಡಿದು, ಗದ್ದಲ ಹೆಚ್ಚೆಂದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಮೂವತ್ತರ ಹತ್ತಿರದ ವಯಸ್ಸು, ತೆಳ್ಳನೆ ಗಡ್ಡ, ಡೆಲಿವರಿ ಕೆಲಸ. ಎರಡು ಗಂಟೆ ಮಾತಾಡಿದೆವು. ಆಮೇಲೆ ಯೋಚಿಸಿದಾಗ ಗಮನಕ್ಕೆ ಬಂತು: ಅಷ್ಟು ಹೊತ್ತೂ ಅವರು ನಾನು, ನಾನು ಎಂದೇ ಹೇಳಿಕೊಂಡರು, ನಾನು ನೀವು ಎಂದೇ ಕೇಳಿದೆ. ಕನ್ನಡ ಎಲ್ಲಿಯೂ ಅವರನ್ನು ಸಿಕ್ಕಿಸಲಿಲ್ಲ.

ಸಿಕ್ಕಿಸಿದ್ದು ಒಂದು ಆಸ್ಪತ್ರೆಯ ಬಾಗಿಲು. ಹಾರ್ಮೋನ್ ತೆಗೆದುಕೊಳ್ಳುತ್ತಿದ್ದರಿಂದ ಅವರ ಮುಟ್ಟು ನಿಂತು ವರ್ಷದ ಮೇಲಾಗಿತ್ತು. ಒಂದು ದಿನ ಮತ್ತೆ ರಕ್ತ. ಹಾಗಾದರೆ ತೋರಿಸಿಕೊಳ್ಳಲೇಬೇಕೆಂದು ಅವರಿಗೆ ಗೊತ್ತಿತ್ತು. ರಜೆ ಹಾಕಿ ಸ್ತ್ರೀರೋಗ ವಿಭಾಗಕ್ಕೆ ಹೋದರು. ಬಾಗಿಲಲ್ಲಿ ನಿಂತಿದ್ದ ಕಾವಲುಗಾರರು ‘ಗಂಡಸರು ಹೊರಗೆ ಕೂತ್ಕೊಳ್ಳಿ, ಪೇಷಂಟ್‌ನ ಮಾತ್ರ ಒಳಗೆ ಬಿಡಿ’ ಎಂದರು. ಪೇಷಂಟ್ ನಾನೇ ಎನ್ನಲು ಬಾಯಿ ಬರಲಿಲ್ಲ. ಹಿಂದೆ ಸಾಲಿನಲ್ಲಿ ಇಪ್ಪತ್ತು ಹೆಂಗಸರು, ಅವರ ಗಂಡಂದಿರು. ಚೀಟಿಯಲ್ಲಿ ಹಳೆಯ ಹೆಸರಿತ್ತು. ಒಳಗಿನಿಂದ ಮೈಕಿನಲ್ಲಿ ಆ ಹೆಸರು ಕೂಗಿದರು, ಒಂದು ಸಲ, ಎರಡು ಸಲ. ಮೂರನೇ ಸಲ ಕೂಗುವಷ್ಟರಲ್ಲಿ ಅವರು ಬಸ್‌ಸ್ಟಾಪಿನಲ್ಲಿದ್ದರು. ಮತ್ತೆ ಡಾಕ್ಟರ ಹತ್ತಿರ ಹೋಗಿದ್ದು ಎರಡು ವರ್ಷ ಕಳೆದ ಮೇಲೆ, ಅದೂ ತಲೆಸುತ್ತಿ ಗಾಡಿಯಿಂದ ಬಿದ್ದಾಗ. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಗರ್ಭಕೋಶದಲ್ಲಿ ಗಡ್ಡೆ ಇತ್ತು; ಪುಣ್ಯಕ್ಕೆ ಕ್ಯಾನ್ಸರ್ ಅಲ್ಲ.

ನಾನು ಕೇಳಿದೆ: ಬೋರ್ಡಿನಲ್ಲಿ ‘ಸ್ತ್ರೀರೋಗ’ ಎಂದಿರುವುದು ತೆಗೆದರೆ ನಿಮಗೆ ಸುಲಭವಾಗುತ್ತಿತ್ತೇ?

ಸ್ವಲ್ಪ ಹೊತ್ತು ಲೋಟದ ತಳ ನೋಡುತ್ತಿದ್ದರು. ‘ನಮ್ಮಮ್ಮಂಗೆ ಆ ಬೋರ್ಡ್ ಬೇಕು ಮೇಡಂ. ಅವರಿಗೆ ಓದಕ್ಕೆ ಬರೋದು ಅಷ್ಟೇ. ಅದ್ರ ಕೆಳಗೆ ಒಂದು ಸಾಲು ನನಗೂ ಇದ್ದಿದ್ರೆ ಆ ಸೆಕ್ಯುರಿಟಿಯವರಿಗೆ ತೋರಿಸ್ತಿದ್ದೆ. ಬಾಯಿ ಬಿಡೋ ಹಾಗೇ ಇರ್ತಿರಲಿಲ್ಲ.’

ಅವರು ಎಲ್ಲ ಟ್ರಾನ್ಸ್ ಪುರುಷರ ಪರವಾಗಿ ಮಾತಾಡಿದ್ದಲ್ಲ. ಆ ಬೋರ್ಡೇ ಬೇಡ ಎನ್ನುವವರೂ ಇರುತ್ತಾರೆ, ಅವರ ನೋವೂ ನಿಜ. ಆದರೆ ಆ ಮೆಟ್ಟಿಲ ಮೇಲೆ ಕೇಳಿದ ಮಾತು ನನ್ನೊಳಗೆ ಗಟ್ಟಿಯಾಗಿ ಕೂತಿದೆ. ಅವರು ತಮಗೆ ಜಾಗ ಕೇಳಿದರು. ಅಮ್ಮನನ್ನು ಎಬ್ಬಿಸಿ ಎನ್ನಲಿಲ್ಲ.

ಈ ಮಾತನ್ನು ನನ್ನ ಹಳೆಯ ಗೆಳತಿಗೆ ಹೇಳಿದೆ. ಮಹಿಳಾ ಚಳವಳಿಯಲ್ಲಿ ಮೂವತ್ತು ವರ್ಷ ತಿರುಗಿದವಳು. ಅವಳಿಗೆ ಕರಪತ್ರದ ಮೊದಲ ಕರಡು ತೋರಿಸಿದಾಗ ಸಿಟ್ಟು ನೆತ್ತಿಗೇರಿತ್ತು. ‘ಹೆಣ್ಣು ಅನ್ನೋ ಪದ ತೆಗೆದ ಮೇಲೆ ಅನ್ಯಾಯಾನ ಯಾವ ಹೆಸರಲ್ಲಿ ಹೇಳ್ತೀಯ?’ ಎಂದು ಕೇಳಿದ್ದಳು. ಅವಳ ಪ್ರಶ್ನೆ ಹಗುರವಾದದ್ದಲ್ಲ. ಕಲಬುರಗಿ, ಹಾವೇರಿ ಜಿಲ್ಲೆಗಳಲ್ಲಿ ತಾಂಡಾಗಳ, ದಲಿತ ಕೇರಿಗಳ ಹೆಂಗಸರು ಹೊಟ್ಟೆನೋವೆಂದು ಹೋದರೆ ಗರ್ಭಕೋಶವನ್ನೇ ತೆಗೆದು ಕಳಿಸಿದ ಪ್ರಕರಣಗಳು ಬಯಲಾದಾಗ ಇವಳಂಥವರೇ ಊರೂರು ಅಲೆದು ಒಬ್ಬೊಬ್ಬರ ಮನೆಯಲ್ಲಿ ಕೂತು ಬರೆದುಕೊಂಡು ಬಂದದ್ದು. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹೆಣ್ಣುಭ್ರೂಣ ಹತ್ಯೆಯ ಜಾಲವೊಂದನ್ನು ಹಿಡಿದರಲ್ಲ, ಮಂಡ್ಯದ ಕಡೆ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿದ್ದರು ಎಂದು ಅವರು ಹೇಳಿದರು. ಕಬ್ಬಿನ ಹಾಲು ಕುದಿಯುವ ಜಾಗ ಅದು. ಅಲ್ಲಿ ಆ ಪರದೆಯ ಮೇಲೆ ಹುಡುಕುತ್ತಿದ್ದದ್ದು ಒಂದನ್ನೇ. ಮಗು ಎಂಬ ಲಿಂಗವಿಲ್ಲದ ಪದ ಅಲ್ಲಿ ಯಾರನ್ನೂ ಕಾಯಲಿಲ್ಲ. ‘ಯಾವ ಮಗು?’ ಎಂಬ ಪ್ರಶ್ನೆ ಹೆರಿಗೆಗೂ ಮುಂಚೆಯೇ ಬಂದು, ಉತ್ತರ ಹೆಣ್ಣು ಎಂದಾದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ 1994ರಲ್ಲೇ ಬಂದರೂ, ಪ್ರತಿ ಸ್ಕ್ಯಾನಿಂಗ್ ಸೆಂಟರಿನಲ್ಲಿ ಬೋರ್ಡ್ ನೇತಾಡುತ್ತಿದ್ದರೂ ಹೀಗೆ. ಇಂಥ ಜಾಗದಲ್ಲಿ ನಿಂತು ‘ಹೆಣ್ಣು’ ಎಂಬ ಪದವನ್ನು ಆರೋಗ್ಯದ ಭಾಷೆಯಿಂದ ಅಳಿಸಿ ಎಂದು ನನ್ನ ಕೈಲಿ ಹೇಳಲಾಗುವುದಿಲ್ಲ.

ವೈದ್ಯವಿಜ್ಞಾನವೂ ಆ ಪದವನ್ನು ಮರೆತು ಪೆಟ್ಟು ತಿಂದಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1977ರಲ್ಲಿ, ಬಸಿರಾಗಬಹುದಾದ ಹೆಂಗಸರನ್ನು ಔಷಧ ಪ್ರಯೋಗದ ಮೊದಲ ಹಂತಗಳಿಂದ ದೂರವಿಡಿ ಎಂದಿತ್ತು. ಅದು ಸಡಿಲವಾಗಿದ್ದು 1993ರಲ್ಲಿ. ಜೋಲ್‌ಪಿಡೆಮ್ ಎಂಬ ನಿದ್ದೆಮಾತ್ರೆ ಹೆಂಗಸರ ದೇಹದಿಂದ ನಿಧಾನವಾಗಿ ಹೊರಹೋಗುತ್ತದೆ, ಅವರಿಗೆ 10 ಮಿಲಿಗ್ರಾಂ ಬದಲು 5 ಸಾಕು ಎಂದು ಅದೇ ಸಂಸ್ಥೆ ಹೇಳಿದ್ದು 2013ರಲ್ಲಿ. ಮಾತ್ರೆ ಮಾರುಕಟ್ಟೆಗೆ ಬಂದು ಇಪ್ಪತ್ತು ವರ್ಷವಾದ ಮೇಲೆ. ಎಲ್ಲರೂ ‘ವ್ಯಕ್ತಿ’ಗಳೇ ಎಂದುಕೊಂಡಿದ್ದಾಗ ಅಳತೆಗೋಲು ಗಂಡಸಿನ ದೇಹವೇ ಆಗಿತ್ತು. ಲಗ್ಗೆರೆಯ ಆ ಹೆಣ್ಣುಮಗಳು ‘ಗಂಡಸರದ್ದು’ ಎಂದಳಲ್ಲ, ಅದೇ ಇದು.

ಹಾಗೆಂದು ನನ್ನ ಗೆಳತಿ ನಿಂತ ಜಾಗದಲ್ಲೇ ನಾನೂ ನಿಲ್ಲುವುದಿಲ್ಲ. ಪದವನ್ನು ಉಳಿಸಿಕೊಳ್ಳುವುದಕ್ಕೂ ಅದನ್ನೇ ಬೇಲಿ ಮಾಡಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಸುಪ್ರೀಂ ಕೋರ್ಟ್ ಈ ಎರಡನ್ನೂ ಸಂಭಾಳಿಸಿದ ರೀತಿ ನನಗೆ ಇಷ್ಟ. 2022ರ ಸೆಪ್ಟೆಂಬರ್ 29ರ ಗರ್ಭಪಾತದ ತೀರ್ಪಿನಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ‘ಮಹಿಳೆ’ ಎಂಬ ಪದವನ್ನೇ ಬಳಸಿತು. ಜೊತೆಗೆ, ಸುರಕ್ಷಿತ ಗರ್ಭಪಾತ ಬೇಕಾಗಬಹುದಾದ ಇತರರೂ ಈ ಪದದೊಳಗೆ ಸೇರಿದ್ದಾರೆ ಎಂದು ಸ್ಪಷ್ಟವಾಗಿ ಬರೆಯಿತು. 2024ರಲ್ಲಿ ಮಹಾರಾಷ್ಟ್ರದ ಹದಿನಾಲ್ಕು ವರ್ಷದ ಬಾಲಕಿಯೊಬ್ಬಳ ಪ್ರಕರಣದಲ್ಲಿ ಮಾತ್ರ ನ್ಯಾಯಾಲಯ ‘ಗರ್ಭ ಧರಿಸಿದ ವ್ಯಕ್ತಿ’ ಎಂಬ ಒಕ್ಕಣೆಯನ್ನೇ ಹಿಡಿಯಿತು. ಕಾನೂನಿನಲ್ಲಿ ಅದಕ್ಕೆ ಕಾರಣಗಳಿರಬಹುದು. ಆದರೂ ಆ ಮಗುವಿನ ವಿಷಯದಲ್ಲಿ ಆ ಒಕ್ಕಣೆ ಓದುವಾಗ ನನಗೆ ಕಸಿವಿಸಿಯಾಯಿತು. ಅವಳಿಗೆ ಆದದ್ದು ಅವಳು ಹುಡುಗಿಯಾಗಿದ್ದಕ್ಕೆ. ಎರಡು ತೀರ್ಪುಗಳಲ್ಲಿ ನಾನು ಮೊದಲಿನದರ ಭಾಷೆಯ ಕಡೆಗಿದ್ದೇನೆ.

ನಮ್ಮ ರಾಜ್ಯದಲ್ಲೇ ಇದಕ್ಕೆ ಸರಳ ಮಾದರಿಯಿದೆ, ದಿನಾ ಬಸ್ಸಿನಲ್ಲಿ ಕಾಣುತ್ತೇವೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಹೆಂಗಸರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ. ಮಹಿಳೆ ಎಂಬ ಪದ ಅಲ್ಲಿಯೇ ಇದೆ, ಪಕ್ಕದಲ್ಲಿ ಇನ್ನೊಂದು ಪದ ಬಂದು ಕೂತಿದೆ. ‘ಜನರಿಗೆ ಉಚಿತ’ ಎಂದು ಬರೆದಿದ್ದರೆ ಯೋಜನೆಯ ಅರ್ಥವೇ ಹೋಗುತ್ತಿತ್ತು. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಪದದ ಹಿಂದೆಯೂ ಆ ಸಮುದಾಯದವರ ಎಷ್ಟೋ ವರ್ಷಗಳ ಹೋರಾಟವಿದೆ. ನಮ್ಮ ಪತ್ರಿಕೆಗಳು ಅವರನ್ನು ಬೈಗುಳದ ಪದಗಳಲ್ಲೇ ಕರೆಯುತ್ತಿದ್ದ ಕಾಲವನ್ನು ನಾನು ಓದಿ ಬಲ್ಲೆ. ಆದರೆ ಆ ಪದ ಕೇಳಿದಾಗಲೂ ಜನರ ಕಣ್ಣ ಮುಂದೆ ಬರುವುದು ಸೀರೆ ಉಟ್ಟವರು. ಗಡ್ಡ ಬಿಟ್ಟು ಡೆಲಿವರಿ ಬ್ಯಾಗ್ ಹೊತ್ತವರು ಬರುವುದಿಲ್ಲ. ಟ್ರಾನ್ಸ್ ಪುರುಷರಿಗೆ ಬೀದಿಯ ಕನ್ನಡದಲ್ಲಿ ಇವತ್ತಿಗೂ ಒಂದು ಹೆಸರಿಲ್ಲ.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಋತುಚಕ್ರ ರಜೆಗೆ ಒಪ್ಪಿಗೆ ಕೊಟ್ಟಿತು. ತಿಂಗಳಿಗೊಂದು, ವರ್ಷಕ್ಕೆ 12 ದಿನ, ಸಂಬಳಸಹಿತ. 18ರಿಂದ 52 ವರ್ಷದ ಮಹಿಳಾ ನೌಕರರಿಗೆ, ಖಾಸಗಿಯವರಿಗೂ. ಗಾರ್ಮೆಂಟ್ಸ್‌ನಲ್ಲಿ ಗಂಡು ಸೂಪರ್‌ವೈಸರ್ ಮುಂದೆ ನಿಂತು ಈ ರಜೆ ಕೇಳುವುದು ಎಷ್ಟು ಕಷ್ಟ ಎಂದು ಲಗ್ಗೆರೆಯವರು ನನಗೆ ಹೇಳಿದ್ದಾರೆ. ಆದೇಶದಲ್ಲಿ ‘ಮಹಿಳೆ’ ಎಂದು ಇರುವುದೇ ಅವರಿಗೆ ಕೈಯಲ್ಲಿ ಹಿಡಿದು ತೋರಿಸಲು ಇರುವ ಆಧಾರ. ಅದು ಇರಬೇಕು. ಅದರ ಪಕ್ಕದಲ್ಲಿ ‘ಮುಟ್ಟಾಗುವ ಇತರರೂ’ ಎಂದು ಎರಡು ಮೂರು ಪದ ಸೇರಿಸಿದರೆ ಯಾವ ಹೆಂಗಸಿನ ರಜೆಯೂ ಕಡಿಮೆಯಾಗುವುದಿಲ್ಲ.

ಸಂಸ್ಥೆಯವರೊಂದಿಗೆ ಮೂರು ಸುತ್ತು ಮಾತಾಯಿತು. ಕೊನೆಗೆ ಅಚ್ಚಾದ ಕರಪತ್ರ ಹೀಗೆ ಶುರುವಾಗುತ್ತದೆ: ‘ಹೆಂಗಸರೇ, ನಿಮಗೆ 30 ತುಂಬಿದೆಯೇ? ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬರುವ ಮುಂಚೆಯೇ ಪತ್ತೆ ಮಾಡಬಹುದು.’ ಅದರ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ: ‘ನೀವು ಗಂಡಾಗಿ ಬದುಕುತ್ತಿದ್ದು ನಿಮಗೆ ಗರ್ಭಕೋಶ ಇದ್ದರೆ ಈ ತಪಾಸಣೆ ನಿಮಗೂ ಇದೆ. ನಿಮ್ಮನ್ನು ಯಾವ ಹೆಸರಿನಿಂದ ಕರೆಯಬೇಕೆಂದು ನಾವು ಕೇಳುತ್ತೇವೆ.’ ಅಷ್ಟೇ ದಪ್ಪ ಅಕ್ಷರ ಬೇಕೆಂದು ಹಟ ಹಿಡಿದವಳು ನಾನು. ಸಣ್ಣಕ್ಷರದಲ್ಲಿ ಬರೆದರೆ ಅದು ಷರತ್ತಿನಂತೆ ಕಾಣುತ್ತದೆ.

ಕರಪತ್ರದ ಕಟ್ಟು ತಲುಪಿಸಲು ಮತ್ತೆ ಅದೇ ಅಂಗನವಾಡಿಗೆ ಹೋದೆ. ಆ ಭಾಗದ ಆಶಾ ಕಾರ್ಯಕರ್ತೆ ಮೊದಲ ಸಾಲು ಗಟ್ಟಿಯಾಗಿ ಓದಿದರು. ಎರಡನೆಯದನ್ನು ಮನಸ್ಸಿನಲ್ಲೇ ಓದಿಕೊಂಡರು. ‘ಇಂಥವರು ಇರ್ತಾರಾ ಮೇಡಂ?’ ಎಂದು ಕೇಳಲಿಲ್ಲ, ನಾನು ಅದನ್ನೇ ನಿರೀಕ್ಷಿಸಿದ್ದೆ. ಸ್ವಲ್ಪ ಹೊತ್ತು ಬಿಟ್ಟು, ‘ನಾಲ್ಕನೇ ಕ್ರಾಸಲ್ಲಿ ಒಬ್ರವ್ರೆ. ಅಮ್ಮನ ಜೊತೆ ಇರೋದು. ನಾನು ಹೋದಾಗೆಲ್ಲ ಅಮ್ಮನ ಬಿಪಿ ನೋಡಿ ಬಂದ್ಬಿಡ್ತೀನಿ, ಅವ್ರನ್ನ ಏನೂ ಕೇಳಿಲ್ಲ’ ಎಂದರು. ‘ಏನಂತ ಕರೀಲಿ? ಅಣ್ಣ ಅನ್ಲಾ?’

‘ಅವರನ್ನೇ ಕೇಳಿ’ ಎಂದೆ.

ಎರಡು ಕರಪತ್ರ ಮಡಚಿ ರಿಜಿಸ್ಟರಿನ ನಡುವೆ ಇಟ್ಟುಕೊಂಡರು, ಒಂದು ಅಮ್ಮನಿಗೆ, ಒಂದು ಅವರಿಗೆ. ಕೊಡೆ ಬಿಚ್ಚಿಕೊಂಡು ನಾಲ್ಕನೇ ಕ್ರಾಸಿನ ಕಡೆ ಹೊರಟರು.